ತುಟಿಯವರೆಗೆ ಬಂದ ತಂಬಿಗೆ

ಹೊಸ್ತಿಲಿಗೆ ಬಂದವರನ್ನು ನೀರು ಕೊಡದೆ ಕಳಿಸುವುದಿಲ್ಲ ಎಂದು ಸಿದ್ದಲಿಂಗವ್ವ ಮದುವೆಯಾಗಿ ಬಂದ ದಿನವೇ ಅತ್ತೆಗೆ ಮಾತು ಕೊಟ್ಟಿದ್ದಳು. ಈಗ ತಮ್ಮ ಮಗನಿಗೆ ಹೆಣ್ಣು ನೋಡಲು ಮೋರಟಗಿಯಿಂದ ಬಂದ ಬಸಂತರಾಯರು ತಂಬಿಗೆ ಎತ್ತಿ ತುಟಿಗೆ ಹಿಡಿದಿದ್ದರು. ಸಿದ್ದಲಿಂಗವ್ವನ ಮಗಳು ರೂಢಿಯಂತೆ ಬೆಲ್ಲದ ಜೊತೆ ಬಾವಿಯ ನೀರನ್ನೇ ತಂದಿಟ್ಟಿದ್ದಳು. ಕಾಲರಾ ಬಂದಿದೆ, ನೀರು ಕುದಿಸಿಯೇ ಕುಡಿಯಿರಿ ಎಂದು ಸಿಂದಗಿಯ ಓಣಿ ಓಣಿಯಲ್ಲಿ ಬೆಳಿಗ್ಗೆಯಷ್ಟೇ ಡಂಗುರ ಸಾರಿದ್ದರು.

ಸಿದ್ದಲಿಂಗವ್ವ ಓಡಿಬಂದು ತಂಬಿಗೆ ಕಸಿದುಕೊಂಡು ನೀರನ್ನು ಅಂಗಳಕ್ಕೆ ಚೆಲ್ಲಿದಳು.

"ಸಿಟ್ಟಾಗಬ್ಯಾಡ್ರಿ ಅಣ್ಣಾರ, ಅದು ಹಸೀ ನೀರ. ಒಲಿ ಮ್ಯಾಲ ಇಟ್ಟೇನಿ, ಕುದಿಸಿ ಆರಿಸಿ ಕೊಡ್ತೇನಿ."

"ಎಮ್ಮಿ ಬಾಯಿಂದನೂ ಯಾರೂ ನೀರ ಕಸಿಯೂದಿಲ್ಲವ್ವಾ. ಇಂಥಾ ಮನಿ ಹೆಣ್ಣು ನಮಗ ಬ್ಯಾಡ."

ಅವರು ರುಮಾಲು ಸುತ್ತಿಕೊಂಡು ಎದ್ದರು. ಬಾಗಿಲ ಮರೆಯಲ್ಲಿ ಮಗಳು ಬೆಲ್ಲದ ತಟ್ಟೆ ಹಿಡಿದು ನಿಂತಿದ್ದಳು. ಒಲೆಯ ಮೇಲಿನ ನೀರು ಇನ್ನೂ ಕುದಿ ಬಂದಿರಲಿಲ್ಲ.

ಬಸಂತರಾಯರು ನೀರು ಕುಡಿಯದೆ ಹೊಸ್ತಿಲು ದಾಟಿದರು. ಅತ್ತೆಗೆ ಕೊಟ್ಟ ಮಾತು ಮುರಿಯಿತು.