ನಾನು ಹೆಣೆದ ಮಂಕಿ ಕ್ಯಾಪ್

ಪುಳಿಯೋಗರೆ ಗೊಜ್ಜು ಕುದಿಯುವ ವಾಸನೆ ಬಂದರೆ ಮರುದಿನ ಎಲ್ಲೋ ಪ್ರಯಾಣವಿದೆ ಎಂದು ಚಿಕ್ಕಂದಿನಲ್ಲೇ ನನಗೆ ತಿಳಿಯುತ್ತಿತ್ತು. ಅದೇ ಗೊಜ್ಜು ಕಲಸಿದ ಅನ್ನದ ಡಬ್ಬಿ ಈಗ ನನ್ನ ಮಡಿಲಲ್ಲಿತ್ತು. ನಾವಿದ್ದದ್ದು ಯಾವುದೋ ದೊಡ್ಡ ಕ್ರೀಡಾಕೂಟಕ್ಕೆಂದು ಹಿಮಾಲಯದಲ್ಲಿ ಕಟ್ಟಿದ್ದ ಸ್ಕೀ ರೆಸಾರ್ಟಿನಲ್ಲಿ.

"ಆಟಗಾರರು ಜಾರಿದ ಇಳಿಜಾರಲ್ಲೇ ನಾನೂ ಜಾರ್ತೀನಿ" ಎಂದು ಬಸ್ಸಿನಲ್ಲೆಲ್ಲ ಕೊಚ್ಚಿಕೊಂಡಿದ್ದ ನಮ್ಮವರು ರೋಪ್‌ವೇ ಹತ್ತಿ ಮೇಲೆ ಹೋಗಿ ಬಹಳ ಹೊತ್ತಾಗಿತ್ತು. ಪ್ರವಾಸದವರೆಲ್ಲ ಕೆಳಗೆ ಕಾಯುತ್ತಿದ್ದರು.

"ನಿಮ್ಮ ಯಜಮಾನರು ಮಹಡಿ ಮೆಟ್ಟಿಲನ್ನೇ ಗೋಡೆ ಹಿಡ್ಕೊಂಡು ಇಳೀತಾರಲ್ರೀ" ಎಂದರು ಪಕ್ಕದ ಮನೆಯ ಪದ್ದಕ್ಕ.

"ಬರ್ತಾರೆ ಪದ್ದಕ್ಕ. ಬರದಿದ್ರೆ ಊರಲ್ಲಿ ನೀವು ಅವರನ್ನ ಬಾಳೋಕೆ ಬಿಡ್ತೀರಾ?"

ಅಷ್ಟರಲ್ಲಿ ನಾನು ಹೆಣೆದ ಹಸಿರು ಮಂಕಿ ಕ್ಯಾಪ್ ಮೇಲಿನಿಂದ ಬಾಣದಂತೆ ಇಳಿದು ಬಂತು. ಅವರದೇ ಕಂದು ಕೋಟು, ಮುಖ ಮುಚ್ಚುವ ಕಪ್ಪು ಕನ್ನಡಕ. ಕೊನೆಯ ಗೆರೆ ದಾಟಿ ನಿಂತು ಕೈ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಡಬ್ಬಿ ಸಮೇತ ಓಡಿಹೋಗಿ ತೋಳು ಹಿಡಿದೆ.

ಕ್ಯಾಪಿನೊಳಗಿಂದ ಹುಡುಗಿಯೊಬ್ಬಳು ಹಿಂದಿಯಲ್ಲಿ ಪಿಸುಗುಟ್ಟಿದಳು: "ಆಂಟೀಜಿ, ನಾನಿಲ್ಲಿ ಸ್ಕೀ ಕಲಿಸೋಳು. ಅಂಕಲ್‌ಜಿ ಮೇಲೆ ಒಲೆ ಮುಂದೆ ಕೂತಿದ್ದಾರೆ. ನೀವೆಲ್ಲ ಬಸ್ ಹತ್ತೋವಾಗ ಮೆಲ್ಲಗೆ ರೋಪ್‌ವೇಲಿ ಬರ್ತಾರಂತೆ. ಈಗ ಹಸಿವಂತೆ."

ಯಾರಿಗೂ ಕಾಣದಂತೆ ಡಬ್ಬಿಯನ್ನು ಅವಳ ಕೈಗಿಟ್ಟೆ.

ನನ್ನ ಬೆನ್ನ ಹಿಂದೆಯೇ ನಿಂತಿದ್ದ ಪದ್ದಕ್ಕ ಅದರ ಮೇಲೆ ತಮ್ಮ ಮೊಸರನ್ನದ ಪೊಟ್ಟಣವನ್ನಿಟ್ಟು, ಜನರತ್ತ ತಿರುಗಿ ಇನ್ನೊಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರು.