ಕೆಂಚನ ಬಾಯಾರಿಕೆ

ನಾಲ್ಕು ಲೋಟ ನೀರು ಕುಡಿದರೂ ಅನಸೂಯಳ ಗಂಟಲು ಒಣಗುತ್ತಲೇ ಇತ್ತು. ನಾಯಿ ಸಾಕಿದವರ ಮಣಿಕಟ್ಟಿಗೆ ಸರ್ಕಾರ ಪಟ್ಟಿ ಕಟ್ಟಿದಾಗಿನಿಂದ ನಾಯಿಯ ಹಸಿವು, ಬಾಯಾರಿಕೆ ಎಲ್ಲ ಸಾಕಿದವರಿಗೂ ತಾಗುತ್ತಿತ್ತು. ಥಟ್ಟನೆ ನೆನಪಾಯಿತು: ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಕೆಂಚನನ್ನು ತಾರಸಿಯ ಬಿಸಿಲಲ್ಲೇ ಕಟ್ಟಿ ಬಂದಿದ್ದಳು.

ಎಲೆ ಬಿಟ್ಟು ಎದ್ದಳು.

"ಪಂಕ್ತಿ ಮಧ್ಯೆ ಏಳ್ತಾರೇನೇ? ಬೀಗರು ನೋಡ್ತಿದಾರೆ. ಮಜ್ಜಿಗೆ ಬರ್ಲಿ, ಕೂತ್ಕೋ," ಎಂದು ಅತ್ತೆ ಸೆರಗು ಜಗ್ಗಿದರು.

ಕೂತಳು. ಮಜ್ಜಿಗೆ ಬರುವಷ್ಟರಲ್ಲಿ ನಾಲಿಗೆ ಮರದ ತುಂಡಾಗಿತ್ತು.

ಕೈ ತೊಳೆಯದೆ ಆಟೋ ಹತ್ತಿದಳು. ಮನೆಯ ತಿರುವಿನಲ್ಲಿ ಬಾಯಾರಿಕೆ ಒಮ್ಮೆಗೇ ನಿಂತುಹೋಯಿತು.

"ಇಳೀರಿ ಅಕ್ಕ, ಮನೆ ಬಂತು."

ಯಾರೋ ನೀರಿಟ್ಟಿರಬೇಕೆಂದು ಅನಸೂಯ ಉಸಿರುಬಿಟ್ಟಳು. ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

ತಾರಸಿಗಿದ್ದ ಒಂದೇ ಬೀಗದ ಕೈ ಅಲ್ಲೇ ಇತ್ತು.