ರಾಣಿ ಕೇಳದ ಪ್ರಶ್ನೆ

ಬೆಳಗಿನಿಂದ ಸತ್ತು ಸತ್ತು ನಿಂಗವ್ವನಿಗೆ ಸಾಕಾಗಿ ಹೋಗಿತ್ತು. ಕಂಪ್ಯೂಟರ್ ಆಟದ ಪಾತ್ರಗಳಿಗೆಲ್ಲ ಈಗ ಮನುಷ್ಯರನ್ನೇ ಕೂಲಿಗೆ ಇಡುತ್ತಿದ್ದರು. ಅವಳದು ಗಾಯಗೊಂಡ ರಾಣಿಯ ಕೆಲಸ. ಒಬ್ಬರೇ ಕೂತು ಆಡುತ್ತಿದ್ದ ಹಳೆಯ ಆಟದಲ್ಲಿ ರಾಣಿ ಒಂದೇ ಸಲ ಸಾಯುತ್ತಿದ್ದಳು. ಊರೆಲ್ಲ ಕೂಡಿ ಆಡುವ ಈ ಹೊಸ ಆನ್‌ಲೈನ್ ಆಟದಲ್ಲಿ ಅವಳ ಮಂಚದ ಮುಂದೆ ವೀರರು ಸಾಲುಗಟ್ಟಿ ನಿಂತಿದ್ದರು.

“ಲಗೂನ ಸಾಯ್ರಿ ಅಕ್ಕಾರ, ಮಂದಿ ಕಾಯಾಕತ್ತಾರ,” ಎಂದು ಸೂಪರ್‌ವೈಸರ್ ಕಿವಿಯಲ್ಲಿ ಗದರಿದ.

ಸರದಿ ಬಂದ ಯುವಕ ಕತ್ತಿಯನ್ನು ನೆಲಕ್ಕೆ ಬಿಸಾಡಿದ. “ಹಳೇದ್ರಾಗ ಸಾಯೋ ಮುಂದ ರಾಣಿ ನನ್ನ ಹೆಸರು ಕೇಳ್ತಿದ್ಲು. ಅದನ್ಯಾಕ ತಗದ್ರಿ?”

“ಹೆಸರು ನಿನ್ನ ತಲಿ ಮ್ಯಾಲ ತೇಲಾಕತ್ತೇತಲ್ಲೋ ತಮ್ಮಾ, ‘ಹುಲಿ ನಂಬರ್ ಒನ್’ ಅಂತ. ಮತ್ತ್ಯಾಕ ಕೇಳೂದು?” ನಿಂಗವ್ವ ರಾಣಿಯ ದನಿ ಬಿಟ್ಟು ಪಿಸುಗುಟ್ಟಿದಳು.

“ಅದೊಂದು ಹೆಸರೇನ್ರಿ?”

ಹಳೆಯ ಆಟವನ್ನು ನಿಂಗವ್ವನೂ ಆಡಿದ್ದಳು, ಆ ಪ್ರಶ್ನೆ ಬಂದಾಗ ಅತ್ತಿದ್ದಳು. ರಾಣಿಯ ಬಾಯಲ್ಲಿ ಬರೆದುಕೊಟ್ಟದ್ದನ್ನು ಬಿಟ್ಟು ಒಂದು ಮಾತು ಹೆಚ್ಚಿಗೆ ಆಡಿದರೂ ಈ ಕೆಲಸ ಉಳಿಯುವುದಿಲ್ಲವೆಂದು ಗೊತ್ತಿತ್ತು. ಆದರೂ ಅವನ ಕೈ ಹಿಡಿದಳು.

“ಇಷ್ಟು ದೂರ ನನ್ನ ಜೊತೆ ಬಂದೆ. ನಿನ್ನ ಹೆಸರೇನು, ವೀರಾ?”

“ಫಕೀರೇಶ,” ಎಂದು ಅವನು ಮಂಚದ ಪಕ್ಕ ಮಂಡಿಯೂರಿದ.

“ನಾಳಿಂದ ಬರಬ್ಯಾಡ್ರಿ,” ಎಂದಿತು ಕಿವಿಯೊಳಗಿನ ದನಿ.

ನಿಂಗವ್ವ ಕಣ್ಣು ಮುಚ್ಚಿ ಸತ್ತಳು. ಮತ್ತೆ ಕಣ್ಣು ತೆರೆದಾಗ ಮುಂದಿನವನು ಕಿರೀಟ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ.

“ನನಗೂ ಕೇಳ್ರಿ ಬೇ,” ಅಂದ.

ಅವನ ಹಿಂದಿನ ಸಾಲು ಕೋಟೆಯ ಬಾಗಿಲಿನ ಆಚೆವರೆಗೂ ಬೆಳೆದಿತ್ತು. ನಿಂಗವ್ವ ನೋಯುವ ಬೆನ್ನನ್ನು ದಿಂಬಿಗೆ ಆನಿಸಿ, ಕೈ ಚಾಚಿದಳು.